ಅಪರಾಧ ಸಾಕ್ಷ್ಯಚಿತ್ರಗಳಲ್ಲಿ ತಪ್ಪೊಪ್ಪಿಗೆಯ ಪ್ರಾಮಾಣ್ಯ

ಕನ್ನಡದಲ್ಲಿ ‘ಸಾಕ್ಷ್ಯಚಿತ್ರ’ವೆಂಬ ಶಬ್ದವು ರೂಢಿಗೆ ಬಂದು ಬಹುಕಾಲವಾಯಿತು. ಸಾಕ್ಷಿಯೆಂದರೆ ತನ್ನ ಕಣ್ಣುಗಳಿಂದ ನೇರಾಗಿ ಕಂಡವನು. ಪಾಣಿನಿಯೂ ಈ ಅರ್ಥದಲ್ಲಿಯೇ ಆ ಶಬ್ದವನ್ನು ಸಾಧಿಸಿರುತ್ತಾನೆ. ಕಂಡವನ ನುಡಿಯೇ ಸಾಕ್ಷ್ಯ. ಹೀಗಿರುವಲ್ಲಿ, ಕೊಲೆ ಸುಲಿಗೆಗಳೇ ಮೊದಲಾದ ನಿಜವಾದ ಅಪರಾಧಗಳನ್ನು ಕುರಿತು ಈಚಿನ ವರುಷಗಳಲ್ಲಿ ಹೇರಳವಾಗಿ ಹೊರಬರುತ್ತಿರುವ ಸಾಕ್ಷ್ಯಚಿತ್ರಗಳು ಏನನ್ನು ಕಂಡಿವೆಯೆಂದು ಕೇಳಬೇಕಾಗುತ್ತದೆ. ಕೃತ್ಯವು ನಡೆದಾಗ ಚಿತ್ರಗ್ರಾಹಕನು ಅಲ್ಲಿರಲಿಲ್ಲ. ಎಷ್ಟೋ ವರುಷಗಳ ತರುವಾಯ ಬಂದು, ಪೊಲೀಸರು, ವಕೀಲರು, ಬಂಧುಗಳು, ಪತ್ರಿಕೆಯವರು ಇವರ ಮಾತುಗಳನ್ನು ಹೆಕ್ಕಿ ಪೋಣಿಸುತ್ತಾನೆ. ಇವರಲ್ಲಿಯೂ ಕೃತ್ಯವನ್ನು ಕಂಡವರು ವಿರಳ. ಕಂಡವನೊಬ್ಬನಿದ್ದರೆ ಅವನು ಹೆಚ್ಚಾಗಿ ಆರೋಪಿಯೇ ಎಂಬ ನಂಬಿಕೆಯಿಂದ, ಆರೋಪಿಯ ತಪ್ಪೊಪ್ಪಿಗೆಯು ಇಂಥ ಕೃತಿಗಳಲ್ಲಿ ಹಾರದ ನಾಯಕಮಣಿಯಂತೆ ನಡುವೆ ಹೊಳೆಯುತ್ತದೆ. ಆ ಮಣಿಯೇ ಸುಳ್ಳಾದರೆ ಹಾರಕ್ಕೆ ಬೆಲೆಯೇನೆಂಬುದನ್ನು ನೋಡುವವರು ಎಣಿಸುವುದು ಅಪೂರ್ವ.

ಇಂಥ ಚಿತ್ರಗಳನ್ನು ನೋಡುವುದಕ್ಕೆ ಈಗ ಪಟ್ಟಣಕ್ಕೆ ಹೋಗಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಅರಕೇರಾದಂಥ ಊರಿನಲ್ಲಿಯೂ ಅಂಗೈಯಗಲದ ಮೊಬೈಲಿನಲ್ಲಿ ಬೆಂಗಳೂರಿನ ಕೊಲೆಯನ್ನೂ ಅಮೆರಿಕದ ಕೊಲೆಯನ್ನೂ ಒಂದೇ ರಾತ್ರಿ ನೋಡಬಹುದು. ಮರುದಿನ ಕಟ್ಟೆಯ ಮೇಲೆ ಕುಳಿತು ತೀರ್ಪನ್ನೂ ಹೇಳಬಹುದು. ಅದೇ ಊರಿನಿಂದ ನಾಳೆ ಒಬ್ಬನನ್ನು ಠಾಣೆಗೆ ಕರೆದೊಯ್ದರೆ, ‘ಅವನೇ ಒಪ್ಪಿಕೊಂಡನಂತೆ’ ಎಂಬ ಒಂದೇ ಮಾತಿನಿಂದ ಅವನ ಮನೆಯವರೊಡನೆ ಕೊಳುಕೊಡೆ ನಿಂತುಹೋಗುವುದೂ ಉಂಟು. ಆದಕಾರಣ ಇದು ಬರಿಯ ವಿನೋದದ ವಿಷಯವಲ್ಲ. ತಪ್ಪೊಪ್ಪಿಗೆಯನ್ನು ಪ್ರಮಾಣವಾಗಿ ಕೊಳ್ಳಬಹುದೆ, ಕೊಳ್ಳುವುದಾದರೆ ಯಾವ ನಿಯಮದಿಂದ, ಆ ನಿಯಮವನ್ನು ಈ ಚಿತ್ರಗಳು ಎಷ್ಟರಮಟ್ಟಿಗೆ ಪಾಲಿಸಿವೆ ಎಂಬುದು ಇಲ್ಲಿಯ ವಿಚಾರ.

೧

ಪ್ರಶ್ನೆಯು ಹೊಸದಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದ ಎಂಟನೆಯ ಅಧ್ಯಾಯವು ವಾಕ್ಕಿನಿಂದಲೂ ಕರ್ಮದಿಂದಲೂ ನಡೆಸುವ ವಿಚಾರಣೆಗೆ ಮೀಸಲಾಗಿದೆ. ಕರ್ಮವೆಂದರೆ ಇಲ್ಲಿ ದೇಹಹಿಂಸೆ. ಅದರ ಪ್ರಕಾರಗಳನ್ನು ಕೌಟಿಲ್ಯನು ಒಂದೊಂದಾಗಿ ಎಣಿಸಿರುವುದರಿಂದ ಅವನನ್ನು ಕರುಣಾಳುವೆಂದು ಯಾರೂ ಹೊಗಳಲಾರರು. ಆದರೂ ಅದೇ ಅಧ್ಯಾಯದಲ್ಲಿ ಅವನು ಒಂದು ಎಚ್ಚರಿಕೆಯನ್ನು ಕೊಟ್ಟಿರುತ್ತಾನೆ. ಕಳ್ಳನಲ್ಲದವನೂ ಆಕಸ್ಮಿಕವಾಗಿ ಕಳ್ಳರು ಹೋದ ದಾರಿಯಲ್ಲಿ ಸಿಕ್ಕಬಹುದು. ಅವರ ಉಡುಪಿನಂಥ ಉಡುಪು, ಅವರ ಆಯುಧದಂಥ ಆಯುಧ ಅವನಲ್ಲಿ ಕಾಣಬಹುದು. ಮಾಂಡವ್ಯನು ಹಿಂಸೆಯ ಭಯದಿಂದ, ತಾನು ಕಳ್ಳನಲ್ಲದಿದ್ದರೂ ಕಳ್ಳನೆಂದು ಒಪ್ಪಿಕೊಂಡನಷ್ಟೆ. ಆದುದರಿಂದ ಸಾಧನಗಳೆಲ್ಲ ಪೂರ್ಣವಾದ ಮೇಲೆಯೇ ನಿರ್ಣಯಿಸತಕ್ಕದ್ದು ಎಂಬುದು ಅವನ ಮಾತಿನ ತಾತ್ಪರ್ಯ.

ಇದೇ ಮಾಂಡವ್ಯನ ಕಥೆಯು ಮಹಾಭಾರತದ ಆದಿಪರ್ವದಲ್ಲಿ ಬೇರೆಯಾಗಿದೆ. ಅಲ್ಲಿ ಋಷಿಯು ಮೌನವ್ರತದಲ್ಲಿದ್ದನು. ರಾಜಪುರುಷರು ಕೇಳಿದಾಗ ಉತ್ತರ ಕೊಡಲಿಲ್ಲ. ಕಳ್ಳರೊಡನೆ ಶೂಲಕ್ಕೇರಿ ಅಣಿಮಾಂಡವ್ಯನೆಂಬ ಹೆಸರನ್ನು ಪಡೆದನು. ಕವಿಯ ಮಾಂಡವ್ಯನು ಸುಮ್ಮನಿದ್ದು ಕೆಟ್ಟನು. ಮಂತ್ರಿಯ ಮಾಂಡವ್ಯನು ಸುಳ್ಳನ್ನು ಒಪ್ಪಿಕೊಂಡು ಕೆಟ್ಟನು. ಮೌನವು ಋಷಿಗೆ ಒಪ್ಪುವ ಗುಣ. ಆದರೆ ರಾಜನ ಸೆರೆಮನೆಗಳ ಒಳಗನ್ನು ಬಲ್ಲವನಿಗೆ, ಅಲ್ಲಿ ಮೌನವು ನಿಲ್ಲುವುದಿಲ್ಲ, ನಿರಪರಾಧಿಯ ಬಾಯಿಂದಲೂ ಬೇಕಾದ ಮಾತು ಹೊರಡುವುದು ಎಂಬುದು ಗೊತ್ತಿದ್ದಿತು. ಈ ಭೇದವು ಚಿಕ್ಕದಾದರೂ ಬಹು ಗಮನಾರ್ಹವಾದುದು.

ಧರ್ಮಶಾಸ್ತ್ರದ ದಾರಿಯೂ ಇಲ್ಲಿ ಸ್ಮರಣೀಯ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರೆಯಲ್ಲಿ ಪ್ರತಿವಾದಿಯ ಉತ್ತರವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ವಾದಿಯ ಮಾತನ್ನು ನಿಜವೆಂದು ಒಪ್ಪುವುದು ಸಂಪ್ರತಿಪತ್ತಿ. ಪ್ರತಿವಾದಿಯು ಒಪ್ಪಿದ ಮೇಲೆ ಸಾಧಿಸಬೇಕಾದುದೇನೂ ಉಳಿಯದು. ನಾಲ್ಕು ಪಾದಗಳ ವ್ಯವಹಾರವು ಎರಡೇ ಪಾದಗಳಲ್ಲಿ ಮುಗಿಯುವುದು. ಸಾಲ, ಒತ್ತೆ, ಗಡಿಗಳ ವ್ಯಾಜ್ಯದಲ್ಲಿ ಇದು ಯುಕ್ತವೇ ಸರಿ. ಪಡೆಯದ ಸಾಲವನ್ನು ಪಡೆದೆನೆಂದು ಯಾರೂ ಸುಮ್ಮನೆ ಒಪ್ಪುವುದಿಲ್ಲ. ಆದರೆ ಸಭೆಯಲ್ಲಿ ಸ್ವತಂತ್ರನಾಗಿ ನಿಂತವನ ಸಂಪ್ರತಿಪತ್ತಿ ಬೇರೆ, ಕಾವಲಿನಲ್ಲಿ ಕುಳಿತವನ ಒಪ್ಪಿಗೆ ಬೇರೆ. ಮೊದಲನೆಯದಕ್ಕೆ ವಿಜ್ಞಾನೇಶ್ವರನ ನಿಯಮ, ಎರಡನೆಯದಕ್ಕೆ ಮಾಂಡವ್ಯನ ನಿದರ್ಶನ. ಅಪರಾಧ ಸಾಕ್ಷ್ಯಚಿತ್ರಗಳಲ್ಲಿ ಕಾಣುವ ಮುಖ್ಯ ದೋಷವು ಈ ಎರಡನ್ನು ಕಲಸುವುದರಿಂದ ಹುಟ್ಟಿದುದು.

ಕಾವಲಿನಲ್ಲಿರುವವನ ಒಪ್ಪಿಗೆ ಹೇಗೆ ರಚಿತವಾಗುವುದೆಂಬುದನ್ನು ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕದಷ್ಟು ಸ್ಪಷ್ಟವಾಗಿ ತೋರಿಸಿದ ಕೃತಿಯು ಅಪೂರ್ವ. ವಸಂತಸೇನೆಯನ್ನು ಕೊಂದನೆಂದು ಶಕಾರನು ಚಾರುದತ್ತನ ಮೇಲೆ ದೂರು ತರುತ್ತಾನೆ. ಉದ್ಯಾನದಲ್ಲಿ ಹೆಣ್ಣೊಬ್ಬಳ ಶವವನ್ನು ಕಂಡುದಾಗಿ ರಾಜಪುರುಷನು ಬಂದು ತಿಳಿಸುತ್ತಾನೆ. ಮೈತ್ರೇಯನ ಕಂಕುಳಿಂದ ಒಡವೆಗಳು ಉದುರುತ್ತವೆ. ಎಲ್ಲವೂ ಹೊಂದಿತು, ಉಳಿದುದು ಒಪ್ಪಿಗೆಯೊಂದೇ. ಆಗ ಬಾಳಿನ ಆಸೆಯನ್ನೇ ಬಿಟ್ಟ ಚಾರುದತ್ತನು, ಕ್ರೂರನಾದ ತನ್ನಿಂದಂತೆ, ಹೆಣ್ಣಂತೆ ಎಂದು ಮೊದಲುಮಾಡಿ, ಕೊಂದೆನೆಂಬ ಕ್ರಿಯಾಪದವನ್ನು ಉಚ್ಚರಿಸದೆಯೇ, ಉಳಿದುದನ್ನು ಶಕಾರನು ಹೇಳುವನೆಂದು ನಿಲ್ಲಿಸಿಬಿಡುತ್ತಾನೆ. ಕೊಂದೆನೆಂದು ಹೇಳೆಂದು ಶಕಾರನು ಒತ್ತಾಯಿಸಿದಾಗಲೂ, ಅದನ್ನು ನೀನೇ ಹೇಳಿದೆಯಲ್ಲ ಎಂಬುದೇ ಅವನ ಉತ್ತರ. ಸಭೆಗೆ ಅಷ್ಟೇ ಸಾಕಾಯಿತು. ಆದರೆ ಆ ಶವವು ವಸಂತಸೇನೆಯದಾಗಿರಲಿಲ್ಲ. ಹತ್ತನೆಯ ಅಂಕದಲ್ಲಿ ಅವಳು ಜೀವಂತವಾಗಿ ವಧ್ಯಸ್ಥಾನಕ್ಕೆ ಬರುತ್ತಾಳೆ.

ಇಲ್ಲಿ ಶಾಸ್ತ್ರಕಾರರು ಹೇಳದ ಒಂದು ಸೂಕ್ಷ್ಮವನ್ನು ನಾಟಕಕಾರನು ಹೇಳಿರುವನು. ಸುಳ್ಳು ತಪ್ಪೊಪ್ಪಿಗೆಯಲ್ಲಿ ಎರಡು ಭಾಗಗಳಿರುತ್ತವೆ. ‘ನಾನು’ ಎಂಬುದು ಆರೋಪಿಯದು. ಯಾರನ್ನು, ಎಲ್ಲಿ, ಯಾವುದರಿಂದ, ಏಕೆ ಎಂಬ ಶೇಷವು ಕೇಳುವವನದು. ಆದುದರಿಂದ ತಪ್ಪೊಪ್ಪಿಗೆಯನ್ನು ಪರೀಕ್ಷಿಸುವವನು ಮೊದಲು ಕೇಳಬೇಕಾದುದು ‘ಇವನು ಒಪ್ಪಿದನೆ?’ ಎಂದಲ್ಲ, ‘ಶೇಷವನ್ನು ಹೇಳಿದವರಾರು?’ ಎಂದು. ಮುಂದಿನ ಕೃತಿಗಳನ್ನು ಅಳೆಯುವುದಕ್ಕೆ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲಾಗಿದೆ.

೨

ಅಪರಾಧಿಯ ಬಾಯಿಂದಲೇ ಅಪರಾಧವನ್ನು ಕೇಳಿಸುವ ಸಾಹಿತ್ಯಪ್ರಕಾರಕ್ಕೂ ರಾಯಚೂರು ಸೀಮೆಗೂ ಒಂದು ಹಳೆಯ ನಂಟುಂಟು. ಅರಕೇರಾದಿಂದ ದೇವದುರ್ಗವನ್ನು ಹಾದು, ತಿಂಥಿಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ ಮುಂದೆ ಹೋದರೆ ಸುರಪುರ ಸಿಕ್ಕುತ್ತದೆ. ಅಲ್ಲಿಯ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆಯಿದೆ. ಅದರಲ್ಲಿ ವಾಸಿಸಿದ ಫಿಲಿಪ್ ಮೆಡೋಸ್ ಟೇಲರನು ನಿಜಾಮನ ಸೇವೆಯಲ್ಲಿದ್ದವನು. ಬಾಲಕನಾಗಿದ್ದ ರಾಜಾ ವೆಂಕಟಪ್ಪನಾಯಕನ ಕಾಲದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಂಡವನು. ಅಲ್ಲಿಗೆ ಬರುವುದಕ್ಕೆ ಮುಂಚೆಯೇ, ೧೮೩೯ರಲ್ಲಿ, ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಮೂರು ಸಂಪುಟಗಳ ಕಾದಂಬರಿಯನ್ನು ಅವನು ಪ್ರಕಟಿಸಿದ್ದನು. ಅಮೀರ್ ಅಲಿಯೆಂಬ ಠಗ್ಗನು ಸೆರೆಯಲ್ಲಿ ಕುಳಿತು ತನ್ನ ಕೃತ್ಯಗಳನ್ನು ಒಬ್ಬ ಸಾಹೇಬನಿಗೆ ನಿರೂಪಿಸುವಂತೆ ಅದನ್ನು ಹೆಣೆದಿದೆ. ಅವನು ಒಪ್ಪಿಕೊಂಡ ಕೊಲೆಗಳ ಸಂಖ್ಯೆ ೭೧೯.

ಗ್ರಂಥದ ರಚನಾಕೌಶಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೇಲಿನ ಅಳತೆಗೋಲನ್ನು ಹಿಡಿದರೆ ಅದರ ಕೊರತೆಯು ಎದ್ದು ಕಾಣುತ್ತದೆ. ಅಮೀರ್ ಅಲಿಯು ಮಾಫಿ ಸಾಕ್ಷಿ. ಅವನ ಪ್ರಾಣವು ಅವನ ಮಾತಿನ ಮೇಲೆ ನಿಂತಿದೆ. ಸಂಗಡಿಗರ ಹೆಸರನ್ನು ಹೇಳಿದಷ್ಟೂ ಅವನ ಬೆಲೆ ಹೆಚ್ಚು. ಅದೇ ಕಾಲದ, ೧೮೩೬ರ ಮೂವತ್ತನೆಯ ಕಾಯಿದೆಯಂತೆ ಒಬ್ಬನು ಇಂಥ ಕೊಲೆಯನ್ನು ಮಾಡಿದನೆಂದು ತೋರಿಸಬೇಕಾಗಿರಲಿಲ್ಲ. ಎಂದಾದರೊಮ್ಮೆ ಠಗ್ಗರ ಗುಂಪಿಗೆ ಸೇರಿದ್ದನೆಂದು ಸಾಧಿಸಿದರೆ ಆಜೀವ ಕಠಿಣ ಶಿಕ್ಷೆಗೆ ಸಾಕಾಗಿತ್ತು. ಅದನ್ನು ಸಾಧಿಸುವ ಮುಖ್ಯ ಸಾಧನವು ಮಾಫಿ ಸಾಕ್ಷಿಗಳ ನುಡಿಯೇ ಆಗಿತ್ತು. ದಾರಿಹೋಕರನ್ನು ಕೊಲ್ಲುವವರು ಇದ್ದುದು ಸುಳ್ಳಲ್ಲ. ಆದರೆ ಹಾಗೆ ಹೆಸರು ಹೇಳಿಸಿಕೊಂಡವರಲ್ಲಿ ಎಷ್ಟು ಮಂದಿ ನಿಜವಾಗಿ ಆ ವೃತ್ತಿಯವರು, ಒಂದೇ ಪಂಥವೆಂದು ವರ್ಣಿಸಿದುದರಲ್ಲಿ ಎಷ್ಟು ಭಾಗ ಕೇಳುವ ಅಧಿಕಾರಿಗಳ ಕಲ್ಪನೆ ಎಂಬುದನ್ನು ಇತ್ತೀಚಿನ ಇತಿಹಾಸಕಾರರು ಗಂಭೀರವಾಗಿ ಚರ್ಚಿಸಿರುವರು. ಟೇಲರನ ಸಾಹೇಬನು ಆಗಾಗ ಉದ್ಗಾರ ತೆಗೆಯುತ್ತಾನೆ, ಬೆರಗಾಗುತ್ತಾನೆ; ‘ಇದನ್ನು ನಿನಗೆ ಹೇಳಿಕೊಟ್ಟವರಾರು?’ ಎಂದು ಕೇಳುವುದಿಲ್ಲ. ರೌದ್ರ ಭಯಾನಕಗಳ ಸೊಗಸಿನಲ್ಲಿ ಪ್ರಮಾಣದ ಪ್ರಶ್ನೆಯು ಮುಳುಗಿಹೋಯಿತು. ಇಂದಿನ ಸಾಕ್ಷ್ಯಚಿತ್ರಗಳಲ್ಲಿ ಅನೇಕವು ಈ ಗ್ರಂಥದ ಸಂತಾನವೆಂದರೆ ತಪ್ಪಾಗದು.

ಸರಕಾರವು ಈ ವಿಷಯದಲ್ಲಿ ಸಾಹಿತ್ಯಕ್ಕಿಂತ ಬೇಗ ಎಚ್ಚೆತ್ತುಕೊಂಡಿತು. ತುಂಗಭದ್ರೆಯ ಆಚೆಗಿನ ಬಳ್ಳಾರಿ ಜಿಲ್ಲೆಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಆ ಆಧಿಪತ್ಯದಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಜನರನ್ನು ಹಿಂಸಿಸುತ್ತಿದ್ದುದನ್ನು ವಿಚಾರಿಸಿದ ಆಯೋಗವು ೧೮೫೫ರಲ್ಲಿ ವರದಿಯನ್ನು ಒಪ್ಪಿಸಿ, ದೂರುಗಳು ನಿಜವೆಂದು ತಿಳಿಸಿತು. ಬೆರಳುಗಳನ್ನು ಅದುಮುವ ಕಿಟ್ಟಿಯೆಂಬ ಮರದ ಸಾಧನದ ಹೆಸರು ಆ ವರದಿಯಿಂದ ಕುಪ್ರಸಿದ್ಧವಾಯಿತು. ಮುಂದೆ ೧೮೭೨ರ ಸಾಕ್ಷ್ಯ ಅಧಿನಿಯಮದಲ್ಲಿ, ಆಸೆ ಬೆದರಿಕೆಗಳಿಂದ ಪಡೆದ ಒಪ್ಪಿಗೆಯು ಸಲ್ಲದೆಂದು ೨೪ನೆಯ ಪ್ರಕರಣವೂ, ಪೊಲೀಸ್ ಅಧಿಕಾರಿಯ ಮುಂದಿನ ಒಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುಪಡಿಸಕೂಡದೆಂದು ೨೫ನೆಯದೂ, ಕಾವಲಿನಲ್ಲಿರುವಾಗಿನ ಒಪ್ಪಿಗೆಯು ಮ್ಯಾಜಿಸ್ಟ್ರೇಟನ ಸನ್ನಿಧಿಯಿಲ್ಲದೆ ಸಲ್ಲದೆಂದು ೨೬ನೆಯದೂ ವಿಧಿಸಿದುವು. ಆದರೆ ೨೭ನೆಯ ಪ್ರಕರಣವು ಒಂದು ಬಾಗಿಲನ್ನು ತೆರೆದಿಟ್ಟಿತು: ಆರೋಪಿಯ ಮಾತಿನಿಂದ ಹೊಸದೊಂದು ಸಂಗತಿಯು ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ಸಲ್ಲುವುದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ೨೨ ಮತ್ತು ೨೩ನೆಯ ಪ್ರಕರಣಗಳಾಗಿ ಇವೇ ನಿಯಮಗಳು ನಿಂತಿವೆ. ಕೇಳುವವನಿಗೆ ಗೊತ್ತಿಲ್ಲದ ಸಂಗತಿಯನ್ನು ಅವನು ಹೇಳಿಕೊಡಲಾರ. ಆದುದರಿಂದ ನಿಜವಾಗಿ ಹೊಸತಾಗಿ ಪತ್ತೆಯಾದುದು ಆರೋಪಿಯ ಸ್ವಂತ ಮಾತು. ಶೇಷದ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರವಿದು.

೩

ಕರ್ನಾಟಕದ ಪ್ರಕರಣಗಳನ್ನು ಕುರಿತು ೨೦೨೩ರಲ್ಲಿ ಬಂದ ಎರಡು ಸಾಕ್ಷ್ಯಚಿತ್ರಮಾಲೆಗಳನ್ನು ಈ ದೃಷ್ಟಿಯಿಂದ ನೋಡಬಹುದು. ಮೊದಲನೆಯದು ಪ್ಯಾಟ್ರಿಕ್ ಗ್ರಹಾಮ್ ಅವರ ನಿರ್ದೇಶನದ ‘ಡ್ಯಾನ್ಸಿಂಗ್ ಆನ್ ದ ಗ್ರೇವ್’, ನಾಲ್ಕು ಭಾಗಗಳದು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ ಖಲೀಲಿಯವರು ೧೯೯೧ರಲ್ಲಿ ಕಾಣೆಯಾದರು. ೧೯೯೪ರ ಮಾರ್ಚ್ ತಿಂಗಳಲ್ಲಿ, ಅವರ ಎರಡನೆಯ ಪತಿ ಸ್ವಾಮಿ ಶ್ರದ್ಧಾನಂದನೆಂಬ ಮುರಳಿ ಮನೋಹರ ಮಿಶ್ರನು ತೋರಿಸಿದ ಸ್ಥಳದಲ್ಲಿ, ಬೆಂಗಳೂರಿನ ಅವರ ಮನೆಯ ಅಂಗಳದಲ್ಲಿಯೇ, ನೆಲವನ್ನು ಅಗೆದಾಗ ಪೆಟ್ಟಿಗೆಯಲ್ಲಿ ಅಸ್ಥಿಪಂಜರವು ಸಿಕ್ಕಿತು. ೨೦೦೫ರಲ್ಲಿ ಸೆಷನ್ಸ್ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿತು, ಉಚ್ಚನ್ಯಾಯಾಲಯವು ಅದನ್ನು ಸ್ಥಿರಪಡಿಸಿತು. ೨೦೦೭ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ವಿಷಯದಲ್ಲಿ ಒಮ್ಮತವಾಗಿ ದಂಡದ ವಿಷಯದಲ್ಲಿ ಭಿನ್ನರಾದರು. ೨೦೦೮ರಲ್ಲಿ ಮೂವರ ಪೀಠವು ಬಿಡುಗಡೆಯಿಲ್ಲದ ಆಜೀವ ಸೆರೆಯನ್ನು ವಿಧಿಸಿತು.

ಈ ಪ್ರಕರಣದಲ್ಲಿ ಒಪ್ಪಿಗೆಯು ಪ್ರಮಾಣಕ್ಕೆ ಹೇಗೆ ಸಹಾಯವಾಗಬೇಕೋ ಹಾಗೆ ಆಗಿದೆ. ಮೂರು ವರುಷ ಯಾರಿಗೂ ತಿಳಿಯದಿದ್ದ ಸ್ಥಳವು ಆರೋಪಿಯ ಮಾತಿನಿಂದ ತಿಳಿದುಬಂದಿತು. ನೆಲವೇ ಸಾಕ್ಷಿ ಹೇಳಿತು. ಚಿತ್ರದ ಮೊದಲ ಭಾಗಗಳು ಈ ಪತ್ತೆಯನ್ನು ಕ್ರಮವಾಗಿ ತೋರಿಸಿರುವುದು ಪ್ರಶಂಸನೀಯ. ಉತ್ತರಾರ್ಧದಲ್ಲಿ ಅಪರಾಧಿಯೇ ಕಾಣಿಸಿಕೊಂಡು ತಾನು ಕೊಂದವನಲ್ಲವೆಂದು ನುಡಿಯುತ್ತಾನೆ. ಅವನಿಗೆ ಮಾತಿನ ಅವಕಾಶ ಕೊಟ್ಟುದು ತಪ್ಪಲ್ಲ. ಆದರೆ ಆ ನಿರಾಕರಣೆಯನ್ನು ತೀರ್ಪಿನ ಒಂದೊಂದು ಕಾರಣಕ್ಕೂ ತಾಗಿಸಿ ಒರೆಗೆ ಹಚ್ಚಬೇಕಾಗಿತ್ತು. ಒರೆಗೆ ಹಚ್ಚದ ಒಪ್ಪಿಗೆ ಎಷ್ಟು ದುರ್ಬಲವೋ ಒರೆಗೆ ಹಚ್ಚದ ನಿರಾಕರಣೆಯೂ ಅಷ್ಟೇ ದುರ್ಬಲ. ಸಂದೇಹವನ್ನು ರಸಕ್ಕಾಗಿ ಹುಟ್ಟಿಸುವುದು ಬೇರೆ, ಪ್ರಮಾಣದಿಂದ ಹುಟ್ಟಿಸುವುದು ಬೇರೆ.

ಎರಡನೆಯದು ಸೆಲ್ವಮಣಿ ಸೆಲ್ವರಾಜ್ ಅವರ ‘ದ ಹಂಟ್ ಫಾರ್ ವೀರಪ್ಪನ್’. ಇದೂ ನಾಲ್ಕು ಭಾಗಗಳದು. ವೀರಪ್ಪನ್ನನನ್ನು ಹಿಡಿಯುವ ಕಾಲದಲ್ಲಿ ಜಾರಿಯಲ್ಲಿದ್ದ ಟಾಡಾ ಶಾಸನದ ೧೫ನೆಯ ಪ್ರಕರಣವು, ಸೂಪರಿಂಟೆಂಡೆಂಟ್ ದರ್ಜೆಯ ಪೊಲೀಸ್ ಅಧಿಕಾರಿಯು ಬರೆದುಕೊಂಡ ತಪ್ಪೊಪ್ಪಿಗೆಯನ್ನು ಪ್ರಮಾಣವೆಂದು ಒಪ್ಪಿತ್ತು. ೧೮೭೨ರಲ್ಲಿ ಮುಚ್ಚಿದ ಬಾಗಿಲು ಹೀಗೆ ತೆರೆಯಿತು. ಮಲೆಮಹದೇಶ್ವರ ಬೆಟ್ಟದ ಸುತ್ತಣ ಹ‌ಳ್ಳಿಗಳ ನೂರಕ್ಕೂ ಹೆಚ್ಚು ಮಂದಿ ವರುಷಗಟ್ಟಲೆ ಸೆರೆಯಲ್ಲಿ ಕೊಳೆತರು. ೨೦೦೧ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ಅವರಲ್ಲಿ ಬಹುಪಾಲು ಮಂದಿಯನ್ನು ಬಿಡುಗಡೆಮಾಡಿತು. ವಿಶೇಷ ಕಾರ್ಯಪಡೆಯ ಹಿಂಸೆಗಳ ದೂರನ್ನು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯು ವಿಚಾರಿಸಿತು. ೨೦೦೭ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೮೯ ಮಂದಿಗೆ ಪರಿಹಾರವನ್ನು ಸೂಚಿಸಿತು. ಹಳ್ಳಿಗರ ಸಂಕಟದ ಮಾತು ಚಿತ್ರದಲ್ಲಿ ಬರುವುದುಂಟು. ಆದರೆ ಹೆಸರೇ ಸೂಚಿಸುವಂತೆ ಕೃತಿಯ ಬೆನ್ನೆಲುಬು ಬೇಟೆ. ಬೇಟೆಗಾರನೂ ಮೃಗವೂ ಅಲ್ಲದೆ ನಡುವೆ ಸಿಕ್ಕಿಬಿದ್ದವರ ಒಪ್ಪಿಗೆಗಳನ್ನು ಯಾರು ಬರೆದರು, ನ್ಯಾಯಾಲಯದಲ್ಲಿ ಅವು ಏನಾದುವು ಎಂಬುದನ್ನು ಹಿಡಿದು ಹೊರಟಿದ್ದರೆ ಕೃತಿಯ ತೂಕವು ಹೆಚ್ಚುತ್ತಿತ್ತು.

೪

ಅಮೆರಿಕದಲ್ಲಿ ವಿಚಾರಣೆಯನ್ನು ಚಿತ್ರಿಸಿಡುವ ವಾಡಿಕೆ ಹಲವೆಡೆಗಳಲ್ಲಿ ಇರುವುದರಿಂದ, ಅಲ್ಲಿಯ ಚಿತ್ರಕಾರರಿಗೆ ಶೇಷದ ಪ್ರಶ್ನೆಯನ್ನು ಕಣ್ಣಿಗೆ ಕಾಣಿಸುವ ಅನುಕೂಲ ದೊರೆತಿದೆ. ೨೦೧೨ರ ‘ದ ಸೆಂಟ್ರಲ್ ಪಾರ್ಕ್ ಫೈವ್’ ಎಂಬ ಚಿತ್ರವು ೧೯೮೯ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅತ್ಯಾಚಾರದ ಪ್ರಕರಣವನ್ನು ಕುರಿತದ್ದು. ೧೪ರಿಂದ ೧೬ ವರುಷದೊಳಗಿನ ಐವರು ಬಾಲಕರು ಶಿಕ್ಷೆಗೆ ಗುರಿಯಾದರು. ಅವರಲ್ಲಿ ನಾಲ್ವರ ಒಪ್ಪಿಗೆಗಳು ಚಿತ್ರಿತವಾಗಿದ್ದುವು. ಆದರೆ ಚಿತ್ರಿಸಿದುದು ಕೊನೆಯ ಒಪ್ಪಿಗೆಯನ್ನು ಮಾತ್ರ. ಅದಕ್ಕೆ ಮುಂಚೆ ಗಂಟೆಗಟ್ಟಲೆ ನಡೆದ ಪ್ರಶ್ನೋತ್ತರವನ್ನಲ್ಲ. ನೋಡಿದವರು ಪಾಠವನ್ನು ಒಪ್ಪಿಸುವುದನ್ನು ಕಂಡರು, ಪಾಠ ಹೇಳಿಕೊಟ್ಟುದನ್ನು ಕಾಣಲಿಲ್ಲ. ೨೦೦೨ರಲ್ಲಿ ಬೇರೊಬ್ಬನು ತಾನೇ ಮಾಡಿದೆನೆಂದು ಹೇಳಿ, ಅವನ ಡಿ.ಎನ್.ಎ. ಹೊಂದಿದ ಮೇಲೆ ಐವರ ಶಿಕ್ಷೆಯೂ ರದ್ದಾಯಿತು. ಎರಡನೆಯವನ ಒಪ್ಪಿಗೆಯೂ ಒಪ್ಪಿಗೆಯೇ; ಅದನ್ನು ನಂಬಿದುದು ಅವನು ಹೇಳಿದನೆಂದಲ್ಲ, ಹೊರಗಿನ ವಸ್ತುವು ಅದನ್ನು ಎತ್ತಿಹಿಡಿಯಿತೆಂದು.

೨೦೧೫ರ ‘ಮೇಕಿಂಗ್ ಎ ಮರ್ಡರರ್’ ಇದಕ್ಕಿಂತಲೂ ಬೋಧಕವಾದುದು. ೨೦೦೬ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ೧೬ ವರುಷದ ಮಂದಬುದ್ಧಿಯ ಬಾಲಕನೊಬ್ಬನನ್ನು, ತಾಯಿಯಾಗಲಿ ವಕೀಲನಾಗಲಿ ಬಳಿಯಲ್ಲಿಲ್ಲದೆ ಪ್ರಶ್ನಿಸಿದರು. ಸತ್ತವಳ ತಲೆಗೆ ಏನಾಯಿತೆಂದು ಕೇಳಿದಾಗ ಅವನು ಒಂದಾದಮೇಲೊಂದು ಊಹೆಯನ್ನು ಹೇಳುತ್ತಾ ಹೋದನು. ಯಾವುದೂ ಹೊಂದದಿರಲು, ತಲೆಗೆ ಗುಂಡಿಟ್ಟವರಾರೆಂದು ಕೇಳುವವರೇ ಕೇಳಿದರು. ಶೇಷವನ್ನು ಹೇಳಿದವರಾರೆಂಬುದು ಇಲ್ಲಿ ಪ್ರತ್ಯಕ್ಷ. ೨೦೧೬ರಲ್ಲಿ ಒಬ್ಬ ನ್ಯಾಯಾಧೀಶನು ಶಿಕ್ಷೆಯನ್ನು ತೊಡೆದುಹಾಕಿದನು. ೨೦೧೭ರ ಕೊನೆಯಲ್ಲಿ ಮೇಲಿನ ಪೀಠವು ನಾಲ್ಕು ಮೂರರ ಬಹುಮತದಿಂದ ಅದನ್ನು ಪುನಃ ಸ್ಥಾಪಿಸಿತು. ೨೦೧೮ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಕೈಹಾಕಲಿಲ್ಲ. ಅದೇ ದೃಶ್ಯವನ್ನು ಏಳು ಮಂದಿ ವಿದ್ವಾಂಸರು ನೋಡಿ ಎರಡು ನಿರ್ಣಯಕ್ಕೆ ಬಂದರೆಂಬುದರಿಂದ, ದೃಶ್ಯವಿದ್ದ ಮಾತ್ರಕ್ಕೆ ನಿರ್ಣಯವು ಸುಲಭವಲ್ಲವೆಂದು ತಿಳಿಯಬೇಕು.

೨೦೧೯ರ ‘ದ ಕನ್ಫೆಷನ್ ಕಿಲ್ಲರ್’ ಅಮೀರ್ ಅಲಿಯ ಕಥೆಗೆ ಎದುರುಗನ್ನಡಿ. ಹೆನ್ರಿ ಲೀ ಲ್ಯೂಕಸನು ನೂರಾರು ಕೊಲೆಗಳನ್ನು ಒಪ್ಪಿಕೊಂಡನು. ಒಪ್ಪಿದಷ್ಟೂ ತಿಂಡಿತೀರ್ಥ, ತಿರುಗಾಟ, ಮನ್ನಣೆಗಳು ಅವನಿಗೆ ದೊರೆಯುತ್ತಿದ್ದುವು. ಬಗೆಹರಿಯದ ಪ್ರಕರಣಗಳು ಅಧಿಕಾರಿಗಳ ಪಟ್ಟಿಯಿಂದ ಅಳಿಯುತ್ತಿದ್ದುವು. ಅವುಗಳಲ್ಲಿ ಬಹಳವು ಅವನಿಂದ ಆಗಿರಲಾರವೆಂದು ತಿಳಿದುಬಂದು, ಮರಣದಂಡನೆಯೂ ೧೯೯೮ರಲ್ಲಿ ಆಜೀವ ಸೆರೆಗೆ ಇಳಿಯಿತು. ಟೇಲರನು ಸಂಖ್ಯೆಗೆ ಬೆರಗಾದನು. ಈ ಚಿತ್ರಕಾರರು ಸಂಖ್ಯೆಯನ್ನೇ ಸಂದೇಹಿಸಿದರು. ಎರಡು ಕೃತಿಗಳಿಗೂ ಇರುವ ತಾರತಮ್ಯವು ಇದೇ.

೫

ಇಲ್ಲಿ ಒಂದು ಆಶಂಕೆಯುಂಟು. ಚಿತ್ರಕಾರನು ನ್ಯಾಯಾಧೀಶನಲ್ಲ, ನೋಡುವವರಿಗೆ ಕುತೂಹಲವನ್ನು ಹುಟ್ಟಿಸುವುದು ಅವನ ಕೆಲಸ, ಪ್ರಮಾಣಶಾಸ್ತ್ರದ ಹೊರೆಯನ್ನು ಅವನ ಮೇಲೆ ಏಕೆ ಹೊರಿಸಬೇಕು? ಮೇಲಾಗಿ ಇಂಥ ಚಿತ್ರಗಳಿಂದ ಉಪಕಾರವೂ ಆಗಿದೆ. ಎರಲ್ ಮಾರಿಸನ ‘ದ ಥಿನ್ ಬ್ಲೂ ಲೈನ್’ ೧೯೮೮ರಲ್ಲಿ ಹೊರಬಂದುದರ ಮರುವರುಷವೇ, ಸುಳ್ಳು ಸಾಕ್ಷ್ಯದಿಂದ ೧೯೭೭ರಲ್ಲಿ ಶಿಕ್ಷಿತನಾದ ರ್‍ಯಾಂಡಲ್ ಆಡಮ್ಸನು ಬಿಡುಗಡೆ ಹೊಂದಿದನಲ್ಲವೆ?

ಸಮಾಧಾನವು ಪ್ರಶ್ನೆಯಲ್ಲಿಯೇ ಇದೆ. ಒಂದು ಚಿತ್ರವು ಒಬ್ಬನನ್ನು ಸೆರೆಯಿಂದ ಬಿಡಿಸಬಲ್ಲುದಾದರೆ, ಮತ್ತೊಂದು ಚಿತ್ರವು ಒಬ್ಬನನ್ನು ಲೋಕದ ಕಣ್ಣಿನಲ್ಲಿ ಸೆರೆಗೆ ತಳ್ಳಲೂ ಬಲ್ಲುದು. ಶಕ್ತಿಯಿದ್ದಲ್ಲಿ ಹೊಣೆಯೂ ಇರುವುದು. ಮಾರಿಸನ ಕೃತಿಯು ಫಲಿಸಿದುದು ಸಾಕ್ಷಿಗಳ ಮಾತುಗಳನ್ನು ಒಂದನ್ನೊಂದಕ್ಕೆ ತಾಗಿಸಿ ನೋಡಿದುದರಿಂದ, ಕುತೂಹಲವೊಂದರಿಂದಲ್ಲ.

ಇನ್ನೊಂದು ಆಶಂಕೆ: ಒಪ್ಪಿಗೆಯ ದೋಷವನ್ನು ವಿಜ್ಞಾನವು ತೊಡೆಯಬಹುದಲ್ಲವೆ? ಈ ಆಸೆಗೆ ಬೆಂಗಳೂರೇ ಒಂದು ಕಾಲದಲ್ಲಿ ಕೇಂದ್ರವಾಗಿತ್ತು. ಆರೋಪಿಗೆ ಮಂಪರಿನ ಔಷಧವನ್ನು ಚುಚ್ಚಿ ಮಾತನಾಡಿಸುವ ಮಂಪರು ಪರೀಕ್ಷೆಗಾಗಿ ದೇಶದ ನಾನಾ ಕಡೆಗಳಿಂದ ಅಲ್ಲಿಗೆ ಕರೆತರುತ್ತಿದ್ದರು. ಅದರ ದೃಶ್ಯಗಳು ದೂರದರ್ಶನದ ವಾಹಿನಿಗಳಲ್ಲಿ ಪ್ರಸಾರವಾದುದೂ ಉಂಟು. ಸೆಲ್ವಿ ವಿರುದ್ಧ ಕರ್ನಾಟಕ ಸರಕಾರ ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೦ರ ಮೇ ೫ರಂದು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗೆ ಗುರಿಮಾಡುವುದು ಸಂವಿಧಾನದ ೨೦(೩)ನೆಯ ವಿಧಿಗೆ ವಿರುದ್ಧವೆಂದು ತೀರ್ಮಾನಿಸಿತು. ಮಂಪರಿನಲ್ಲಿರುವವನು ಕೇಳುವವನ ಸೂಚನೆಗೆ ಇನ್ನಷ್ಟು ಸುಲಭವಾಗಿ ಒಳಗಾಗುವನು. ಹಿಂಸೆಯ ಸಾಧನವು ಬದಲಾದರೂ ಶೇಷದ ಪ್ರಶ್ನೆಯು ಹಾಗೆಯೇ ಉಳಿಯಿತು.

ಈ ವಿಚಾರವು ಪುಸ್ತಕಗಳದಲ್ಲವೆಂಬುದಕ್ಕೆ ಕೊಡಗಿನ ಕುಶಾಲನಗರದ ಕಡೆಯ ಒಬ್ಬ ಆದಿವಾಸಿಯ ಪಾಡು ಸಾಕ್ಷಿ. ೨೦೨೦ರಲ್ಲಿ ಅವನ ಹೆಂಡತಿ ಕಾಣೆಯಾದಳು. ಮೈಸೂರು ಜಿಲ್ಲೆಯ ಬೆಟ್ಟದಪುರದ ಠಾಣೆಯ ಸರಹದ್ದಿನಲ್ಲಿ ಸಿಕ್ಕ ಅಸ್ಥಿಪಂಜರವನ್ನು ಅವಳದೆಂದು ಹೇಳಿ, ಕೊಂದವನು ಗಂಡನೇ ಎಂದು ಆರೋಪಪಟ್ಟಿಯನ್ನು ಸಲ್ಲಿಸಿದರು. ಡಿ.ಎನ್.ಎ. ಹೊಂದಲಿಲ್ಲ, ಆದರೂ ಅವನು ವರುಷಕ್ಕೂ ಮೀರಿ ಸೆರೆಯಲ್ಲಿದ್ದನು. ೨೦೨೫ರ ಏಪ್ರಿಲ್ ತಿಂಗಳಲ್ಲಿ ಆ ಹೆಂಡತಿಯು ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡು ಮೈಸೂರಿನ ನ್ಯಾಯಾಲಯದ ಮುಂದೆ ನಿಂತಳು. ಗಂಡನು ನಿರ್ದೋಷಿಯೆಂದು ಬಿಡುಗಡೆಯಾದನು. ಒಂದು ಲಕ್ಷ ರೂಪಾಯಿಯ ಪರಿಹಾರಕ್ಕೆ ಆಜ್ಞೆಯಾಯಿತು. ಬೇರೆ ಹೆಣ್ಣಿನ ಶವ, ತಾಳೆಯಾದಂತೆ ತೋರುವ ಕಥೆ, ಸತ್ತವಳು ಎದ್ದುಬಂದಂತೆ ಬರುವುದು: ಶೂದ್ರಕನು ಕಲ್ಪಿಸಿದುದೆಲ್ಲವೂ ಇಲ್ಲಿ ನಡೆದಿದೆ. ಅವಳು ಕಾಣಿಸಿಕೊಳ್ಳದೆ ಹೋಗಿದ್ದರೆ, ಮತ್ತು ಯಾವನಾದರೂ ಚಿತ್ರಕಾರನು ಆರೋಪಪಟ್ಟಿಯನ್ನೇ ಕಥೆಯಾಗಿ ಹಿಡಿದು ಚಿತ್ರವನ್ನು ತೆಗೆದಿದ್ದರೆ, ನೋಡುವವರಲ್ಲಿ ಎಷ್ಟು ಮಂದಿ ಸಂದೇಹಪಡುತ್ತಿದ್ದರು?

ಆದುದರಿಂದ ಇಂಥ ಕೃತಿಗಳನ್ನು ವಿಮರ್ಶಿಸುವಾಗ ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ. ಒಪ್ಪಿಗೆಯ ಮಾತನ್ನು ತೋರಿಸುವಲ್ಲಿ ಅದಕ್ಕೆ ಮುಂಚಿನ ಪ್ರಶ್ನೆಗಳನ್ನೂ ತೋರಿಸಿದೆಯೆ, ಇಲ್ಲವಾದರೆ ತೋರಿಸಿಲ್ಲವೆಂದಾದರೂ ಹೇಳಿದೆಯೆ? ಒಪ್ಪಿಗೆಯಲ್ಲಿ, ಕೇಳುವವನಿಗೆ ಮೊದಲೇ ತಿಳಿದಿರದ ಸಂಗತಿ ಯಾವುದಾದರೂ ಇದೆಯೆ? ಆ ಸಂಗತಿಯನ್ನು ಹೊರಗಿನ ಪ್ರಮಾಣವು ಎತ್ತಿಹಿಡಿದಿದೆಯೆ? ಮೂರಕ್ಕೂ ಉತ್ತರವಿಲ್ಲದ ಕೃತಿಯನ್ನು ಕಥೆಯೆಂದು ಕರೆಯಬಹುದು; ಸಾಕ್ಷ್ಯವೆಂದು ಕರೆಯಲಾಗದು. ಮೊದಲನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಇನ್ನು ಮುಂದೆ ಉತ್ತರವು ದೊರೆಯಬೇಕಾಗಿದೆ. ೨೦೨೦ರ ಡಿಸೆಂಬರ್ ೨ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರತಿಯೊಂದು ಠಾಣೆಯಲ್ಲಿಯೂ ನೋಟವನ್ನೂ ಧ್ವನಿಯನ್ನೂ ಹಿಡಿಯುವ ಕ್ಯಾಮೆರಾಗಳಿರಬೇಕೆಂದೂ, ದಾಖಲೆಯನ್ನು ಹದಿನೆಂಟು ತಿಂಗಳು ಕಾಪಾಡಬೇಕೆಂದೂ ಆಜ್ಞಾಪಿಸಿತು. ಕೃತ್ಯವನ್ನು ಕಾಣದಿದ್ದರೂ ಒಪ್ಪಿಗೆಯ ಹುಟ್ಟನ್ನು ತನ್ನ ಕಣ್ಣಿಂದ ಕಂಡ ಆ ದಾಖಲೆಗೆ ಸಾಕ್ಷ್ಯಚಿತ್ರವೆಂಬ ಹೆಸರು ಅನ್ವರ್ಥವಾಗುವುದು. ಅದನ್ನು ಕೇಳಿ ಪಡೆದು ತೋರಿಸುವುದು, ದೊರೆಯದಿದ್ದರೆ ಏಕೆ ದೊರೆಯಲಿಲ್ಲವೆಂದು ವಿಚಾರಿಸುವುದು ಚಿತ್ರಕಾರನ ಕರ್ತವ್ಯ.

ಚಾರುದತ್ತನ ಆ ಅರೆಮಾತಿನಲ್ಲಿ ‘ಕಿಲ’ ಎಂಬ ಅವ್ಯಯವೊಂದಿದೆ. ಜನರು ಹಾಗೆನ್ನುವರು, ತಾನು ಹೊಣೆಯಲ್ಲ ಎಂಬ ಅರ್ಥವನ್ನು ಅದು ಸೂಚಿಸುವುದು. ಸಭೆಯು ಉಳಿದೆಲ್ಲ ಪದಗಳನ್ನು ಕೇಳಿತು, ಅದೊಂದನ್ನು ಕೇಳಲಿಲ್ಲ. ‘ಅವನೇ ಒಪ್ಪಿಕೊಂಡನಂತೆ’ ಎಂದು ಅರಕೇರಾದ ಕಟ್ಟೆಯ ಮೇಲೆ ಹೇಳುವ ಮಾತಿನಲ್ಲಿಯೂ ಅದೇ ಅರ್ಥದ ‘ಅಂತೆ’ಯಿದೆ. ಭಾಷೆಯು ತಾನಾಗಿಯೇ ಇಟ್ಟಿರುವ ಆ ಸಂದೇಹದ ಪ್ರತ್ಯಯವನ್ನು ಕೇಳಿಸಿಕೊಂಡು, ಶೇಷವನ್ನು ಹೇಳಿದವರಾರೆಂದು ಮುಂದೆ ಕೇಳುವಷ್ಟು ವ್ಯವಧಾನವನ್ನು ನೋಡುವವರಲ್ಲಿ ಹುಟ್ಟಿಸಿದ ಚಿತ್ರವು ಉತ್ತಮ. ಆ ಪ್ರತ್ಯಯವನ್ನು ಅಳಿಸಿಹಾಕುವ ಚಿತ್ರವು ಎಷ್ಟೇ ಸೊಗಸಾಗಿರಲಿ, ಅಧಮ.